ಅಂಬಾಸಡರ್ ಸ್ಪೀಡೋಮೀಟರಿನ ಮುಳ್ಳು ಹೊಯ್ದಾಡುತ್ತಿದೆ: ಎಣ್ಣೆ ಎಲ್ಲಿಗೆ, ಎಷ್ಟು?

ಪ್ರಶ್ನೆ (ಕಲಬುರಗಿ):
ನಮಸ್ಕಾರ. ತಂದೆಯವರ ಕಾಲದ ಅಂಬಾಸಡರ್ ಕಾರನ್ನು ಮತ್ತೆ ರಸ್ತೆಗೆ ಇಳಿಸಿದ್ದೇನೆ. ಗಂಟೆಗೆ 40 ಕಿ.ಮೀ. ದಾಟುವವರೆಗೆ ಸ್ಪೀಡೋಮೀಟರಿನ ಮುಳ್ಳು 20ಕ್ಕೂ 50ಕ್ಕೂ ನಡುವೆ ಹೊಯ್ದಾಡುತ್ತದೆ. ಬೆಳಗಿನ ಹೊತ್ತು ಡ್ಯಾಶ್‌ಬೋರ್ಡಿನ ಹಿಂದಿನಿಂದ ಕೀರಲು ಸದ್ದೂ ಬರುತ್ತದೆ. ಆದರೆ ಓಡಿದ ದೂರ ತೋರಿಸುವ ಓಡೋಮೀಟರ್ ಹುಮನಾಬಾದ್ ರಸ್ತೆಯ ಕಿಲೋಮೀಟರ್ ಕಲ್ಲುಗಳಿಗೆ ಸರಿಯಾಗಿ ತಾಳೆಯಾಗುತ್ತದೆ. ಪರಿಚಯದ ಮೆಕ್ಯಾನಿಕ್ ಒಬ್ಬರು ಮೀಟರಿನ ಹಿಂಬದಿಯಿಂದ ಎಂಜಿನ್ ಆಯಿಲ್ ಬಿಟ್ಟರೆ ಸಾಕು ಎನ್ನುತ್ತಾರೆ. ಬಿಡಬಹುದೇ?

ಉತ್ತರ (ಬೀದರ್):
ದಯವಿಟ್ಟು ಬಿಡಬೇಡಿ ಸರ್. ಗೇರ್‌ಬಾಕ್ಸಿನಿಂದ ಮೀಟರಿಗೆ ಬರುವ ಕೇಬಲ್ ತಿರುಗಿಸುವ ಆಯಸ್ಕಾಂತಕ್ಕೂ ಮುಳ್ಳಿಗೂ ನೇರ ಜೋಡಣೆಯೇ ಇಲ್ಲ. ಆಯಸ್ಕಾಂತ ಸುತ್ತುವಾಗ ಅದನ್ನು ಕವಿದುಕೊಂಡಿರುವ, ಮುಳ್ಳನ್ನು ಹೊತ್ತ ಅಲ್ಯೂಮಿನಿಯಂ ಬಟ್ಟಲಿನಲ್ಲಿ ಸುಳಿ ವಿದ್ಯುತ್ ಹುಟ್ಟಿ ಬಟ್ಟಲು ತಿರುಗಲು ಹವಣಿಸುತ್ತದೆ, ಕೂದಲೆಳೆಯಂಥ ಸ್ಪ್ರಿಂಗ್ ಅದನ್ನು ಹಿಡಿದು ನಿಲ್ಲಿಸುತ್ತದೆ. ಆ ಸಂದಿಗೆ ಎಣ್ಣೆ ಇಳಿದರೆ ಅದೂ ಬಟ್ಟಲನ್ನು ಎಳೆದು, ಮುಳ್ಳು ನಿಜವಾದ ವೇಗಕ್ಕಿಂತ ಹೆಚ್ಚು ತೋರಿಸುತ್ತದೆ.

ಓಡೋಮೀಟರ್ ಸರಿಯಿದೆ ಎಂದರೆ ಹಲ್ಲುಚಕ್ರಗಳು ಕ್ಷೇಮವಾಗಿವೆ. ನನ್ನ ಅನುಮಾನ ಕೇಬಲಿನ ಮೇಲೆ. ಒಳತಂತಿಯನ್ನು ಎಳೆದು ತೆಗೆದು, ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಗಾಜಿನ ಮೇಲೆ ಉರುಳಿಸಿ ನೋಡಿ. ಎಲ್ಲಾದರೂ ಕುಪ್ಪಳಿಸಿದರೆ ತಂತಿ ಮಣಿದಿದೆ, ಬದಲಿಸುವುದೇ ಲೇಸು. ನೆಟ್ಟಗಿದ್ದರೆ ಬೆರಳಿಗೆ ಹತ್ತಿದಷ್ಟೇ ಗ್ರೀಸ್ ಸವರಿ, ಮೀಟರ್ ಕಡೆಯ ಒಂದು ಗೇಣು ಹಾಗೆಯೇ ಬಿಡಿ. ನಮ್ಮ ಕಡೆಯ ಮೇ ತಿಂಗಳ ಬಿಸಿಲಿಗೆ ಗ್ರೀಸ್ ತೆಳುವಾಗಿ, ಸುತ್ತುವ ತಂತಿಯ ಸುರುಳಿಗುಂಟ ಮೇಲೇರಿಬಿಡುತ್ತದೆ.

ಉತ್ತರ (ಯಾದಗಿರಿ):
ಮೇಲಿನವರ ಮಾತು ಒಪ್ಪತಕ್ಕದ್ದೇ, ಆದರೆ ಕೀರಲು ಸದ್ದು ಕೇಬಲಿನದೇ ಆಗಬೇಕೆಂದಿಲ್ಲ; ಆಯಸ್ಕಾಂತದ ದಂಡ ಸುತ್ತುವ ಬುಷ್ (ದಂಡಕ್ಕೆ ಆಧಾರವಾದ ಬಳೆ) ಒಣಗಿದ್ದರೂ ಹೀಗೆಯೇ ಕಿರುಗುಟ್ಟುತ್ತದೆ. ಮೀಟರ್ ಬಿಚ್ಚಿ, ಆ ಬುಷ್‌ಗೆ ಸೂಜಿಯ ತುದಿಯಿಂದ ಗಡಿಯಾರ ರಿಪೇರಿಯವರು ಬಳಸುವ ಎಣ್ಣೆಯ ಒಂದು ಹನಿ ಮುಟ್ಟಿಸಿ. ಬಟ್ಟಲಿಗೂ ಸ್ಪ್ರಿಂಗಿಗೂ ಏನನ್ನೂ ಹಾಕಬಾರದು.

ಪೂರ್ತಿ ಬಿಚ್ಚುವುದಾದರೆ, ಮುಳ್ಳನ್ನು ಕೀಳುವ ಮೊದಲು ಅದನ್ನು ಸೊನ್ನೆಯ ಬಳಿಯ ತಡೆಮೊಳೆಯಿಂದ ಮೆಲ್ಲಗೆ ಎತ್ತಿ ಆಚೆಗೆ ಬಿಡಿ. ಅದು ಸೊನ್ನೆಗಿಂತ ಕೆಳಗೆ ಎಲ್ಲಿ ತಾನಾಗಿ ನಿಲ್ಲುತ್ತದೆಯೋ ಅಲ್ಲಿ ಡಯಲಿಗೆ ಪೆನ್ಸಿಲಿನ ಗುರುತು ಹಾಕಿ. ಮರಳಿ ಕೂರಿಸುವಾಗ ಆ ಗುರುತೇ ಆಧಾರ. ತಡೆಮೊಳೆಗೆ ಒರಗಿಸಿ ಕೂರಿಸಿದರೆ ಸ್ಪ್ರಿಂಗಿನ ಬಿಗಿ ತಪ್ಪಿ ಎಲ್ಲ ವೇಗವೂ ತಪ್ಪಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಒಳತಂತಿ ಗೇರ್‌ಬಾಕ್ಸ್ ಕಡೆಗೆ ಮಣಿದಿರುವುದು ಗಾಜಿನ ಮೇಲೆ ಸ್ಪಷ್ಟವಾಗಿ ಕಂಡಿತು. ಹೊಸ ಕೇಬಲ್ ಹಾಕುವ ಮುನ್ನ ಮೀಟರನ್ನು ಮನೆಯಲ್ಲೇ ಪರೀಕ್ಷಿಸಬಹುದೇ?

ಉತ್ತರ (ಬೀದರ್):
ಖಂಡಿತ. ಇಂಥ ಬಹುತೇಕ ಮೀಟರುಗಳ ಡಯಲಿನ ಮೇಲೆ, ಕಿಲೋಮೀಟರಿಗೆ ಕೇಬಲ್ ಎಷ್ಟು ಸುತ್ತು ಸುತ್ತಬೇಕೆಂಬ ಅಂಕಿ ಸಣ್ಣದಾಗಿ ಅಚ್ಚಾಗಿರುತ್ತದೆ. ಗಂಟೆಗೆ 60 ಕಿ.ಮೀ. ಎಂದರೆ ನಿಮಿಷಕ್ಕೆ ಒಂದು ಕಿಲೋಮೀಟರ್ ಆದುದರಿಂದ, ಮೀಟರಿನಲ್ಲಿ ಕೇಬಲ್ ಕೂರುವ ತೂತಿಗೆ ಜೋಡಿಸಿದ ಡ್ರಿಲ್ ನಿಮಿಷಕ್ಕೆ ಅಷ್ಟೇ ಸುತ್ತು ತಿರುಗಿದಾಗ ಮುಳ್ಳು 60ರ ಮೇಲಿರಬೇಕು. ಮುಳ್ಳು ಅಲುಗದಿದ್ದರೆ ಗಾಬರಿಯಾಗಬೇಡಿ, ಡ್ರಿಲ್ಲನ್ನು ಹಿಮ್ಮುಖ ತಿರುಗಿಸಿ ನೋಡಿ. ಹೊಸ ಕೇಬಲನ್ನು ಎಲ್ಲಿಯೂ ಚೂಪಾಗಿ ಬಗ್ಗಿಸದೆ, ಸೈಲೆನ್ಸರ್ ಪೈಪಿನಿಂದ ದೂರ ಹಾಯಿಸಿ.