ಪದಚರ್ಚೆ: ಅಂತರ್ಜಲದ ‘ಮಟ್ಟ’, ‘ಆಳ’ ಮತ್ತು ‘ನಿಲುಮಟ್ಟ’

ಮಾನ್ಯರೇ,

ಬೆಳಗಾವಿ ಸಮೀಪದ ಹಳೆಯ ಲೋಹಲೇಪನ ಕಾರ್ಖಾನೆಯೊಂದರ ಆವರಣದಲ್ಲಿ ಕ್ರೋಮಿಯಂ ನೆಲಕ್ಕಿಳಿದಿದ್ದು, ಅಲ್ಲಿನ ಅಂತರ್ಜಲದ ಮೇಲೆ ನಿಗಾ ಇಡುವ ಕೆಲಸ ನಡೆದಿದೆ. ಅದರ ವರದಿಯನ್ನು ಸುತ್ತಲಿನ ಬಾವಿ ಮತ್ತು ಬೋರುಗಳ ಮಾಲೀಕರು ಓದಿ ತಿಳಿಯುವಂತೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 0.05 ಮಿಲಿಗ್ರಾಂಗಿಂತ ಹೆಚ್ಚು ಕ್ರೋಮಿಯಂ ಇರಬಾರದು ಎಂಬುದನ್ನು ಹೇಳುವುದು ಕಷ್ಟವಲ್ಲ. ಆ ನೀರು ಯಾವ ದಿಕ್ಕಿಗೆ ಸಾಗುತ್ತಿದೆ ಎಂಬುದನ್ನು ಹೇಳಹೊರಟಾಗ ‘ನೀರಿನ ಮಟ್ಟ’ ಎಂಬ ಮಾತು ತೊಡಕಾಗುತ್ತಿದೆ.

ಅಂತರ್ಜಲ ಮಟ್ಟ 10 ಮೀಟರ್ ಇದ್ದದ್ದು 14 ಮೀಟರ್ ಆಗಿದೆ ಎಂದು ಬರೆದರೆ ನೀರು ಏರಿತೆಂದು ತಿಳಿಯಬೇಕೋ, ಇಳಿಯಿತೆಂದೋ? ಕೇಂದ್ರೀಯ ಅಂತರ್ಜಲ ಮಂಡಳಿಯ ಪಟ್ಟಿಗಳಲ್ಲಿ ಸಾಮಾನ್ಯವಾಗಿ ನೆಲದಿಂದ ನೀರಿನವರೆಗಿನ ದೂರವನ್ನು ಕೊಟ್ಟಿರುತ್ತಾರೆ. ಅಲ್ಲಿ ಅಂಕಿ ದೊಡ್ಡದಾದಷ್ಟೂ ನೀರು ಕೆಳಗಿದೆ ಎಂದರ್ಥ. ಪಂಪಿಗೆ ಎಷ್ಟು ಪೈಪು ಬೇಕೆಂದು ಲೆಕ್ಕ ಹಾಕುವ ರೈತನಿಗೆ ಅಷ್ಟು ಸಾಕು. ಹರಿವಿನ ದಿಕ್ಕು ತಿಳಿಯಬೇಕಾದಲ್ಲಿ ಸಾಲದು, ಏಕೆಂದರೆ ನೀರನ್ನು ಅಳೆಯಲು ಇಳಿಸಿದ ಪ್ರತಿ ಕೊಳವೆಯ ಬಾಯಿಯೂ ಬೇರೆ ಬೇರೆ ಎತ್ತರದಲ್ಲಿರುತ್ತದೆ.

ಉದಾಹರಣೆಗೆ ಎರಡು ಅಳತೆ ಕೊಳವೆಗಳನ್ನು ಇಟ್ಟುಕೊಳ್ಳೋಣ. ಮೊದಲನೆಯದರ ಬಾಯಿ ಸಮುದ್ರಮಟ್ಟದಿಂದ 752.40 ಮೀಟರ್ ಎತ್ತರದಲ್ಲಿದ್ದು, ಕೇಸಿಂಗ್ ಅಂಚಿನ ಗುರುತಿನಿಂದ ಟೇಪು ಬಿಟ್ಟಾಗ 9.10 ಮೀಟರಿಗೆ ನೀರು ಸಿಗುತ್ತದೆ. ಎರಡನೆಯದರ ಬಾಯಿ 747.80 ಮೀಟರ್, ನೀರು ಸಿಗುವುದು 5.20 ಮೀಟರಿಗೆ. ಆಳವನ್ನಷ್ಟೇ ನೋಡಿದವರು ಮೊದಲನೆಯದರಲ್ಲಿ ನೀರು ಕೆಳಗಿದೆ, ಆದ್ದರಿಂದ ಹರಿವು ಎರಡನೆಯದರಿಂದ ಮೊದಲನೆಯದರ ಕಡೆಗೆ ಎಂದುಕೊಳ್ಳುತ್ತಾರೆ. ಕಳೆದು ನೋಡಿದರೆ ನೀರಿನ ಎತ್ತರ ಮೊದಲನೆಯದರಲ್ಲಿ 743.30, ಎರಡನೆಯದರಲ್ಲಿ 742.60, ಎಂದರೆ ಇಳುಕಲು ಇರುವುದು ಮೊದಲನೆಯದರಿಂದ ಎರಡನೆಯದರ ಕಡೆಗೆ. ನಿಖರವಾದ ದಿಕ್ಕನ್ನು ಗುರುತಿಸಲು ಒಂದೇ ಸಾಲಿನಲ್ಲಿರದ ಮೂರನೆಯ ಕೊಳವೆಯೂ ಬೇಕು, ಮೂರನ್ನೂ ಒಂದೇ ದಿನ ಅಳೆಯಬೇಕು. ದಿಕ್ಕನ್ನು ತಿರುವುಮುರುವಾಗಿ ತಿಳಿದರೆ ಕಾರ್ಖಾನೆಯ ಕಡೆಗೆ ನೀರು ಬರುವ ಬದಿಯ ಶುದ್ಧ ನೀರನ್ನು ಪರೀಕ್ಷೆಗೆ ಕಳಿಸಿ, ನೀರು ಹೊರಡುವ ಬದಿಯ ಮನೆಗಳವರಿಗೆ ಭಯವಿಲ್ಲ ಎಂದು ಹೇಳಿಬಿಡುವ ಅಪಾಯವಿದೆ. ಆದುದರಿಂದ ಈ ಎರಡು ಅಳತೆಗಳಿಗೆ ಒಂದೇ ಪದವನ್ನು ಬಳಸುವುದು ಸಲ್ಲದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ಕಡೆಯ ಆಡುಮಾತಿನಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಬೋರು ಕೊರೆಸಿದವರನ್ನು ಕೇಳಿದರೆ ‘ಎರಡನೂರ ಫೂಟಿಗೆ ನೀರ ಹತ್ತೇತಿ, ನಲವತ್ತ ಫೂಟಿಗೆ ಬಂದ ನಿಂತೇತಿ’ ಎನ್ನುತ್ತಾರೆ; ‘ಹತ್ತೇತಿ’ ಎಂದರೆ ಸಿಕ್ಕಿದೆ. ಡೆಕ್ಕನ್ ಟ್ರ್ಯಾಪ್ ಎನಿಸಿದ ಈ ಕಪ್ಪು ಶಿಲೆಯಲ್ಲಿ ನೀರು ಇರುವುದು ಬಿರುಕುಗಳಲ್ಲಿ ಮತ್ತು ಲಾವಾ ಪದರಗಳ ನಡುವಿನ ಸಂದುಗಳಲ್ಲಿ. ಮೇಲಿನ ಗಟ್ಟಿ ಪದರವು ಒತ್ತಿಹಿಡಿದ ನೀರಿಗೆ ದಾರಿಯಾದೊಡನೆ ಅದು ಮೇಲೇರಿ ಒಂದು ಎತ್ತರಕ್ಕೆ ನಿಲ್ಲುತ್ತದೆ. ‘ಹತ್ತುವುದು’ ಮತ್ತು ‘ನಿಲ್ಲುವುದು’ ಎಂಬ ಎರಡು ಕ್ರಿಯಾಪದಗಳಲ್ಲಿ ಜನ ಇದನ್ನು ಎಷ್ಟು ಸ್ಪಷ್ಟವಾಗಿ ಹಿಡಿದಿದ್ದಾರೆ! ಹರಿವಿನ ಲೆಕ್ಕಕ್ಕೆ ಬೇಕಾದದ್ದು ನೀರು ಹತ್ತಿದ ಆಳವಲ್ಲ, ನಿಂತ ಎತ್ತರ. ಆದರೆ ‘ನಿಂತ ನೀರು’ ಎಂದು ಬರೆದರೆ ಓದುಗರ ಮನಸ್ಸಿಗೆ ಬರುವುದು ಚರಂಡಿಯ, ಸೊಳ್ಳೆಯ ನೀರು. ಹೀಗಾಗಿ ನೆಲದಿಂದ ಕೆಳಕ್ಕೆ ಅಳೆದದ್ದಕ್ಕೆ ‘ನೀರಿನ ಆಳ’ ಎಂದೂ, ಸಮುದ್ರಮಟ್ಟದಿಂದ ಲೆಕ್ಕಹಾಕಿದ್ದಕ್ಕೆ ‘ನಿಲುಮಟ್ಟ’ ಎಂದೂ ಸದ್ಯಕ್ಕೆ ಬರೆದಿದ್ದೇನೆ. ‘ನಿಲುವು’ ಎಂಬುದಕ್ಕೆ ಎತ್ತರವೆಂಬ ಅರ್ಥವೂ ಇರುವುದರಿಂದ ಇದು ಒಗ್ಗೀತು ಎಂದು ನಂಬಿದ್ದೇನೆ. ‘ಸ್ಥಿರ ಜಲಮಟ್ಟ’ ಎಂಬ ಪ್ರಯೋಗವನ್ನು ಬಿಟ್ಟಿರುವುದಕ್ಕೆ ಕಾರಣ, ಆ ಮಟ್ಟ ಮಳೆಗಾಲದ ಮುಂಚೆ ಮತ್ತು ನಂತರ ಬದಲಾಗುತ್ತಲೇ ಇರುತ್ತದೆ.

ಎರಡನೆಯ ಪ್ರಶ್ನೆ ಚಿಕ್ಕದು. ಮಾಲಿನ್ಯದ ಜಾಗಕ್ಕೆ ನೀರು ಬರುವ ಬದಿಯ ಬಾವಿ ಮತ್ತು ನೀರು ಹೊರಡುವ ಬದಿಯ ಬಾವಿ, ಇವೆರಡಕ್ಕೂ ಹೆಸರು ಬೇಕಾಗಿದೆ. ‘ಮೇಲಿನ ಬಾವಿ, ಕೆಳಗಿನ ಬಾವಿ’ ಎಂದರೆ ನೆಲದ ಏರುತಗ್ಗು ಎಂದು ತಿಳಿಯುತ್ತಾರೆ. ಅದೇ ಜಾಗದಲ್ಲಿ ಬೇರೆ ಬೇರೆ ಆಳಕ್ಕೆ ಇಳಿಸಿದ ಕೊಳವೆಗಳಿಗೂ ಅದೇ ಹೆಸರು ತಗಲುತ್ತದೆ. ‘ಒಳಹರಿವಿನ ಬದಿ, ಹೊರಹರಿವಿನ ಬದಿ’ ಎಂದರೆ ಅಣೆಕಟ್ಟೆಯ ಸುದ್ದಿಯಂತೆ ಕೇಳಿಸುತ್ತದೆ. ‘ಮುನ್ನೀರ ಬದಿ’ ಎಂಬ ಸಲಹೆ ಬಂದಿತ್ತು; ಮುನ್ನೀರು ಎಂದರೆ ಕಡಲಾದ್ದರಿಂದ ಅದನ್ನು ಒಪ್ಪಲಾರೆ. ‘ಹರಿವಿನ ಹಿಂಬದಿ, ಹರಿವಿನ ಮುಂಬದಿ’ ಎಂಬುದು ನನಗೆ ಸರಿಯೆನಿಸಿದೆ. ನೀರಿನೊಡನೆ ಚಾಚುತ್ತ ಹೋಗುವ ಮಲಿನ ನೀರಿನ ಭಾಗಕ್ಕೆ, ಎಂದರೆ ಇಂಗ್ಲಿಷಿನ ‘ಪ್ಲೂಮ್’ಗೆ, ‘ಹರವು’ ಎನ್ನಬಹುದಿತ್ತು, ಆದರೆ ‘ಹರಿವು’ ಪಕ್ಕದಲ್ಲೇ ಇರುವಾಗ ಒಂದು ಗುಡಿಸು ತಪ್ಪಿದರೆ ಅರ್ಥವೇ ಕೆಡುತ್ತದೆ. ‘ಮಾಲಿನ್ಯದ ಚಾಚು’ ಎಂದಿದ್ದೇನೆ.

ವಿಜಯಪುರದಲ್ಲಿ ಆದಿಲ್‌ಶಾಹಿ ಕಾಲದ ಕರೇಜ್ ಎಂಬ ನೆಲದಡಿಯ ಕಾಲುವೆಗಳಿವೆ. ಅಲ್ಲಲ್ಲಿ ನೆಟ್ಟಗೆ ಬಾವಿ ಇಳಿಸಿ, ಒಳಗೆ ನೀರು ತಾನಾಗಿ ಸಾಗುವ ಇಳಿಜಾರನ್ನು ಹಿಡಿದು ತೋಡಿದಂಥವು. ಬಾವಿ ತೋಡುವ, ಹೂಳೆತ್ತುವ ಕೆಲಸ ಬಲ್ಲ ಹಿರಿಯರ ಬಾಯಲ್ಲಿ ನೀರು ನಿಲ್ಲುವ ಎತ್ತರಕ್ಕೆ ಮತ್ತು ನೆಲದಡಿಯ ನೀರಿನ ಇಳಿಜಾರಿಗೆ ಬೇರೆ ಬೇರೆ ಮಾತುಗಳಿವೆಯೇ? ವಿಜಯಪುರ, ಬಾಗಲಕೋಟೆ ಕಡೆಯವರು ಕೇಳಿದ ಪದವನ್ನು ಅದನ್ನು ಬಳಸಿದ ಇಡೀ ವಾಕ್ಯದೊಡನೆ ತಿಳಿಸಿದರೆ ವರದಿಯ ಕರಡಿನಲ್ಲಿ ‘ನಿಲುಮಟ್ಟ’ದ ಬದಲು ಅದನ್ನೇ ಬಳಸಲು ಸಿದ್ಧನಿದ್ದೇನೆ.