ಕ್ವಾದ್ರತ್ ನಮಗೆ ಬಿಟ್ಟುಹೋದದ್ದು ಒಂದು ಕಪ್ ಮಾತ್ರವೇ?

ನೀಲಿಪೇಟೆ:
ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿಯ ಕೋಚ್‌ಗಳ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮವರು ಮೊದಲು ಆಶ್ಲೆ ವೆಸ್ಟ್‌ವುಡ್ ಅವರನ್ನು ನೆನೆಯುತ್ತಾರೆ, ಆಮೇಲೆ ಆಲ್ಬರ್ಟ್ ರೋಕಾ ಅವರನ್ನು ಕಣ್ಣರಳಿಸಿ ಹೊಗಳುತ್ತಾರೆ. ಕಾರ್ಲೆಸ್ ಕ್ವಾದ್ರತ್ ಅವರ ಹೆಸರು ಬಂದರೆ ಮಾತ್ರ 'ಹೌದು, ಆದರೆ' ಎಂದು ಶುರುಮಾಡುತ್ತಾರೆ. ನಮಗೆ ಈವರೆಗೆ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ ತಂದುಕೊಟ್ಟ ಏಕೈಕ ಕೋಚ್ ಅವರು. 2019ರ ಮಾರ್ಚ್ 17ರಂದು ಮುಂಬೈಯಲ್ಲಿ, ಗೋವಾ ವಿರುದ್ಧ, ಹೆಚ್ಚುವರಿ ಅವಧಿಯ 117ನೇ ನಿಮಿಷದಲ್ಲಿ ಡಿಮಾಸ್ ಡೆಲ್ಗಾಡೊ ಹೊಡೆದ ಕಾರ್ನರ್‌ಗೆ ರಾಹುಲ್ ಭೆಕೆ ತಲೆಕೊಟ್ಟು ಗೆಲುವಿನ ಗೋಲು ಹೊಡೆದದ್ದನ್ನು ಇಲ್ಲಿ ಯಾರೂ ಮರೆತಿರಲಾರರು. ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆದು, ಫೈನಲ್ ಅನ್ನೂ ಗೆದ್ದ ತಂಡ ಅದಕ್ಕೂ ಮುನ್ನ ಐಎಸ್‌ಎಲ್‌ನಲ್ಲಿ ಒಂದೂ ಇರಲಿಲ್ಲ. ಇಷ್ಟಾದರೂ 2021ರ ಜನವರಿ 6ರಂದು ಅವರು ಹೊರಟಾಗ ಬಹುಮಂದಿ ನಿಟ್ಟುಸಿರು ಬಿಟ್ಟದ್ದು ಸಮಾಧಾನದಿಂದ. ಇದು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ.

ಆಸ್ಟಿನ್ ಟೌನ್ ಅಂಗಳ:
ಕಪ್ಪಿನ ಋಣವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕೋಚ್ ಒಬ್ಬರ ನೆನಪು ಕಪ್ಪಿನಿಂದ ಮಾತ್ರ ಉಳಿಯುವುದಿಲ್ಲ, ಅವರ ತಂಡ ವಾರದಿಂದ ವಾರಕ್ಕೆ ಆಡಿದ ಆಟದಿಂದಲೂ ಉಳಿಯುತ್ತದೆ. ರೋಕಾ ಅವರ 2017-18ರ ತಂಡ 40 ಅಂಕ ಗಳಿಸಿ ಅಗ್ರಸ್ಥಾನದಲ್ಲಿ ನಿಂತದ್ದಷ್ಟೇ ಅಲ್ಲ, ಮಿಕು ಮತ್ತು ಸುನಿಲ್ ಛೆಟ್ರಿ ಇಬ್ಬರೂ ಸೇರಿ ಎದುರಾಳಿಯ ಅಂಗಳವನ್ನು ಹರಿದು ಹಾಕುವಂತೆ ಆಡಿತು. ಫೈನಲ್‌ನಲ್ಲಿ ಚೆನ್ನೈಯಿನ್‌ಗೆ ನಮ್ಮ ಕಂಠೀರವದಲ್ಲೇ 3-2ರಿಂದ ಸೋತೆವು, ನಿಜ. ಆದರೂ ಆ ವರ್ಷ ಕ್ರೀಡಾಂಗಣಕ್ಕೆ ಬರುವಾಗ ಇದ್ದ ಉತ್ಸಾಹ 2019-20ರಲ್ಲಿ ಇರಲಿಲ್ಲ. ಆ ಸೀಸನ್‌ನ ಲೀಗ್ ಹಂತದ 18 ಪಂದ್ಯಗಳಲ್ಲಿ ನಾವು ಹೊಡೆದದ್ದು 22 ಗೋಲು. ಅವುಗಳಲ್ಲಿ ಕಾರ್ನರ್, ಫ್ರೀ ಕಿಕ್, ಉದ್ದನೆಯ ಥ್ರೋಗಳಿಂದ ಬಂದವನ್ನು ಬದಿಗಿಟ್ಟು ನೋಡಿದರೆ, ಚೆಂಡನ್ನು ಕಾಲಿನಿಂದ ಕಾಲಿಗೆ ಸಾಗಿಸಿ ಕಟ್ಟಿದ ಗೋಲುಗಳು ಎಷ್ಟು ವಿರಳವಾಗಿದ್ದವು ಎಂಬುದನ್ನು ಪಂದ್ಯ ನೋಡಿದ ಪ್ರತಿಯೊಬ್ಬರೂ ಬಲ್ಲರು.

ಕೊನೆಯ ಬೆಂಚು:
ಅಂಗಳದವರೇ, ಆ ಚೆನ್ನೈಯಿನ್ ಫೈನಲ್ ಅನ್ನು ನೀವೇ ಎತ್ತಿದಿರಿ, ಹಾಗಾಗಿ ಅಲ್ಲಿಂದಲೇ ಹೇಳುತ್ತೇನೆ. ಛೆಟ್ರಿ 9ನೇ ನಿಮಿಷದಲ್ಲೇ ಮುನ್ನಡೆ ಕೊಟ್ಟ ಮೇಲೆ ನಮ್ಮನ್ನು ಮುಳುಗಿಸಿದ್ದು ಯಾವುದು? ಮೈಲ್ಸನ್ ಆಲ್ವೆಸ್ ಕಾರ್ನರ್‌ಗಳಿಂದ ತಲೆಯಿಂದ ಹೊಡೆದ ಎರಡು ಗೋಲುಗಳು. ಆ ದಿನ ರೋಕಾ ಅವರ ಪಕ್ಕದಲ್ಲಿ ಸಹಾಯಕ ಕೋಚ್ ಆಗಿ ಕುಳಿತಿದ್ದವರು ಕ್ವಾದ್ರತ್. ಸರಿಯಾಗಿ ಒಂದು ವರ್ಷದ ನಂತರ, ಅದೇ ಮಾರ್ಚ್ 17ರಂದು, ಅವರ ತಂಡ ಕಾರ್ನರ್‌ನಿಂದಲೇ ಕಪ್ ಗೆದ್ದಿತು. ಅಂದವಾದ ಆಟ ಫೈನಲ್‌ನಲ್ಲಿ ಎಲ್ಲಿ ಮುರಿದುಬೀಳುತ್ತದೆ ಎಂಬುದನ್ನು ಕಣ್ಣಾರೆ ಕಂಡ ಮನುಷ್ಯ, ಅದನ್ನು ಸರಿಪಡಿಸಲು ಕೆಲಸ ಮಾಡಿದರು ಎಂದೇ ನಾನು ಓದಿಕೊಳ್ಳುತ್ತೇನೆ. ಸೆಟ್ ಪೀಸ್, ಅಂದರೆ ಕಾರ್ನರ್, ಫ್ರೀ ಕಿಕ್‌ಗಳಂಥ ನಿಂತ ಚೆಂಡಿನ ಆಟ, ಅದೃಷ್ಟವಲ್ಲ; ಯಾರು ಯಾರನ್ನು ತಡೆಯಬೇಕು, ಯಾರು ಮೊದಲ ಕಂಬದತ್ತ ಓಡಬೇಕು, ಯಾರು ಕೊನೆಗಳಿಗೆಯವರೆಗೆ ಸುಮ್ಮನೆ ನಿಂತಿರಬೇಕು ಎಂಬುದನ್ನೆಲ್ಲ ಮೈಗೂಡುವವರೆಗೆ ಅಭ್ಯಾಸ ಮಾಡಿಸಬೇಕು. ಹುವಾನನ್, ಪಾರ್ತಾಲು, ಭೆಕೆ ಅವರಂಥ ಎತ್ತರದ ಆಟಗಾರರು, ಜೊತೆಗೆ ಡಿಮಾಸ್ ಅವರಂಥ ಕಾಲು ಇರುವಾಗ ಅದನ್ನು ಬಳಸದಿದ್ದರೆ ಅದೇ ತಪ್ಪಾಗುತ್ತಿತ್ತು.

ಆಸ್ಟಿನ್ ಟೌನ್ ಅಂಗಳ:
ಬಳಸಿದ್ದನ್ನು ನಾನು ಆಕ್ಷೇಪಿಸುತ್ತಿಲ್ಲ. ಬೇರೇನೂ ಇಲ್ಲದೆ ಅದೊಂದೇ ಉಳಿದದ್ದನ್ನು ಆಕ್ಷೇಪಿಸುತ್ತಿದ್ದೇನೆ. ಕೋಲ್ಕತ್ತದಲ್ಲಿ ಎಟಿಕೆ ವಿರುದ್ಧ ಆಡಿದ 2020ರ ಸೆಮಿಫೈನಲ್‌ನ ಎರಡನೇ ಪಂದ್ಯವನ್ನು ನೆನಪಿಸಿಕೊಳ್ಳಿ. ಮನೆಯಂಗಳದಲ್ಲಿ 1-0ರಿಂದ ಗೆದ್ದು ಹೋಗಿದ್ದೆವು, ಅಲ್ಲಿ 5ನೇ ನಿಮಿಷದಲ್ಲೇ ಆಶಿಕ್ ಕುರುಣಿಯನ್ ಗೋಲು ಹೊಡೆದರು. ಒಟ್ಟು ಎರಡು ಗೋಲುಗಳ ಮುನ್ನಡೆ ಕೈಯಲ್ಲಿತ್ತು. ಅಲ್ಲಿಂದ ಮುಂದೆ ತಂಡ ಹಿಂದೆ ಹಿಂದೆ ಸರಿಯುತ್ತ ಹೋಯಿತು. ಎಟಿಕೆಯ ರಾಯ್ ಕೃಷ್ಣ ಒಂದು, ಡೇವಿಡ್ ವಿಲಿಯಮ್ಸ್ ಎರಡು ಗೋಲು ಹೊಡೆದು 3-1 ಮಾಡಿದರು. ಮುನ್ನಡೆಯನ್ನು ಕಾಯುವುದು ಬಿಟ್ಟು ಅದನ್ನು ಹಿಗ್ಗಿಸುವ ಮನಸ್ಸು ಆ ತಂಡಕ್ಕೆ ಇರಲೇ ಇಲ್ಲ. ಅದು ಆಟಗಾರರ ಸ್ವಭಾವವಲ್ಲ, ಕೋಚ್ ಕಲಿಸಿದ ಸ್ವಭಾವ.

ದಾವಣಗೆರೆ ಡಿಫೆಂಡರ್:
ಇಲ್ಲಿ ಒಂದು ಮಾತು ಸೇರಿಸಬೇಕು. 2019ರ ಬೇಸಿಗೆಯಲ್ಲಿ ಮಿಕು ತಂಡ ಬಿಟ್ಟರು. ಅವರ ಜಾಗಕ್ಕೆ ಬಂದ ಮಾನುಯೆಲ್ ಓನ್ವು ಇಲ್ಲಿ ಗೋಲು ಕಾಣದೆ ಜನವರಿಯಲ್ಲಿ ಒಡಿಶಾಕ್ಕೆ ಹೋಗಿ, ಅಲ್ಲಿ ಗೋಲು ಹೊಡೆಯತೊಡಗಿದರು. ಚೆನ್ನೈಯಿನ್ ಪರ ಆ ಫೈನಲ್‌ನ ಮೂರನೇ ಗೋಲು ಹೊಡೆದಿದ್ದ ರಫಾಯೆಲ್ ಆಗಸ್ಟೊ ನಮ್ಮಲ್ಲಿಗೆ ಬಂದರೂ ಹೊಂದಿಕೊಳ್ಳಲಿಲ್ಲ. ಮುಂದಿನ ಸಲ ಕ್ರಿಸ್ಟಿಯನ್ ಆಪ್ಸೆತ್ ಬಂದರು, ಅದೂ ಫಲಿಸಲಿಲ್ಲ. ಗೋಲು ಹೊಡೆಯುವವರೇ ಇಲ್ಲದ ತಂಡ ಗೋಲು ಬಿಟ್ಟುಕೊಡದಂತೆ ಆಡುವುದನ್ನು ಕಲಿಯುತ್ತದೆ. 2019-20ರ ಲೀಗ್ ಹಂತದಲ್ಲಿ ನಾವು ಬಿಟ್ಟುಕೊಟ್ಟದ್ದು ಬರೀ 13 ಗೋಲು, ಗುರುಪ್ರೀತ್ ಸಿಂಗ್ ಸಂಧುಗೆ ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ಗೋಲ್ಡನ್ ಗ್ಲೋವ್ ಬಂದದ್ದೂ ಆಗಲೇ. ಕ್ವಾದ್ರತ್ ಅವರ ಆಟವನ್ನು ಬೈಯುವ ಮೊದಲು, ಅವರ ಕೈಗೆ ಸಿಕ್ಕ ಮುಂಚೂಣಿ ಹೇಗಿತ್ತು ಎಂಬುದನ್ನು ನೋಡಬೇಡವೇ?

ಆಸ್ಟಿನ್ ಟೌನ್ ಅಂಗಳ:
ನೋಡಬೇಕು. ಆದರೆ ಆಟಗಾರರ ಆಯ್ಕೆಯಲ್ಲಿ ಕೋಚ್‌ಗೂ ಪಾಲಿರುತ್ತದೆ. ಓನ್ವು ಬೇರೆ ತಂಡಕ್ಕೆ ಹೋದ ಕೂಡಲೇ ಗೋಲು ಹೊಡೆದರೆ ಆ ಆಟಗಾರನಲ್ಲಿ ಸತ್ವವಿತ್ತು ಎಂದಲ್ಲವೇ? ಅದನ್ನು ಹೊರತರದ ವ್ಯವಸ್ಥೆ ಯಾರದು? ಉದಾಂತ ಸಿಂಗ್ ವಿಷಯವೂ ಹೀಗೆಯೇ. ಕಪ್ ಗೆದ್ದ ವರ್ಷ ಬಲಬದಿಯಲ್ಲಿ ಯಾರ ಕೈಗೂ ಸಿಗದ ಹುಡುಗ, ಮರುವರ್ಷ ಹಿಂದಕ್ಕೆ ಓಡಿ ರಕ್ಷಣೆಯ ಆಟಗಾರನಿಗೆ ನೆರವಾಗುವುದರಲ್ಲೇ ಸುಸ್ತಾಗುತ್ತಿದ್ದ.

ಗ್ಯಾಲರಿ ಗಂಗಾವತಿ:
ನನ್ನ ಬೇಸರ ಐಎಸ್‌ಎಲ್ ಬಗ್ಗೆ ಅಲ್ಲ, ಏಷ್ಯಾದ ಬಗ್ಗೆ. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಪಂದ್ಯಾವಳಿಯಾದ ಎಎಫ್‌ಸಿ ಕಪ್ ಫೈನಲ್ ಆಡಿದ ಮೊದಲ ಭಾರತೀಯ ತಂಡ ನಮ್ಮದು. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 1-0ರಿಂದ ಸೋತರೂ, ಆ ರಾತ್ರಿ ನಾವು ಯಾರು ಎಂಬುದು ಖಂಡಕ್ಕೆಲ್ಲ ಗೊತ್ತಾಗಿತ್ತು. ಕ್ವಾದ್ರತ್ ಅವರ ಕಾಲದಲ್ಲಿ ಏನಾಯಿತು? 2018ರ ಆಗಸ್ಟ್‌ನಲ್ಲಿ ತುರ್ಕಮೆನಿಸ್ತಾನದ ಅಲ್ತಿನ್ ಅಸಿರ್ ನಮ್ಮನ್ನು ಇಲ್ಲಿ 3-2, ಅಲ್ಲಿ 2-0 ಸೋಲಿಸಿತು. ಆಗ ಅವರು ಮುಖ್ಯ ಕೋಚ್ ಸ್ಥಾನಕ್ಕೆ ಹೊಸದಾಗಿ ಬಂದಿದ್ದರು, ಬಿಟ್ಟುಬಿಡೋಣ. 2020ರ ಫೆಬ್ರುವರಿಯಲ್ಲಿ ಭೂತಾನಿನ ಪಾರೊ ತಂಡಕ್ಕೆ ಒಂಬತ್ತು ಗೋಲು ಹೊಡೆದು ಮುಂದೆ ಹೋದವರು, ಮಾಲ್ಡೀವ್ಸ್‌ನ ಮಾಝಿಯಾ ಎದುರು ಎರಡೂ ಪಂದ್ಯ ಸೇರಿ 4-4 ಆಗಿ, ಕಂಠೀರವದಲ್ಲೇ ಪೆನಾಲ್ಟಿಯಲ್ಲಿ ಸೋತು, ಗುಂಪು ಹಂತವನ್ನೇ ತಲುಪಲಿಲ್ಲ. ನನಗೆ ಆ ಸೋಲು ಕೋಲ್ಕತ್ತದ ಸೆಮಿಫೈನಲ್‌ಗಿಂತ ಹೆಚ್ಚು ನೋವು ಕೊಟ್ಟಿತು, ಏಕೆಂದರೆ ಈ ಕ್ಲಬ್ ತನ್ನನ್ನು ಅಳೆದುಕೊಳ್ಳುತ್ತಿದ್ದದ್ದು ಏಷ್ಯಾದ ಅಳತೆಗೋಲಿನಿಂದ.

ನೀಲಿಪೇಟೆ:
ಗ್ಯಾಲರಿಯವರ ನೋವು ನನ್ನದೂ ಹೌದು. ಆದರೆ ಆ ಪಂದ್ಯಗಳು ಐಎಸ್‌ಎಲ್ ಲೀಗ್ ಮುಗಿಯುವ ಹೊತ್ತಿಗೆ, ಸೆಮಿಫೈನಲ್‌ಗೆ ಸಿದ್ಧತೆ ನಡೆದಿದ್ದಾಗ ಬಂದವು ಎಂಬುದನ್ನು ಮರೆಯಬಾರದು. ಎರಡು ದೋಣಿಯಲ್ಲಿ ಕಾಲಿಟ್ಟು ಎರಡನ್ನೂ ಕಳೆದುಕೊಂಡರು ಎಂದು ಹೇಳಬಹುದು. ಏಷ್ಯಾ ಬೇಡವೆಂದು ಕೈಬಿಟ್ಟರು ಎಂದು ಹೇಳಲಾಗದು.

ಸಾಲ್ಟ್ ಲೇಕ್ ಕನ್ನಡಿಗ:
ಕೆಲಸದ ಕಾರಣ ಕೋಲ್ಕತ್ತದಲ್ಲಿದ್ದೇನೆ, ಆದ್ದರಿಂದ ಇನ್ನೊಂದು ತಂಡದ ಅಭಿಮಾನಿಗಳ ನಡುವೆ ಕ್ವಾದ್ರತ್ ಅವರನ್ನು ನೋಡುವ ಅವಕಾಶ ನನಗೆ ಸಿಕ್ಕಿತು. 2023ರಲ್ಲಿ ಈಸ್ಟ್ ಬೆಂಗಾಲ್‌ಗೆ ಬಂದವರೇ ಡುರಾಂಡ್ ಕಪ್ ಫೈನಲ್ ತಲುಪಿಸಿದರು. 2024ರ ಜನವರಿಯಲ್ಲಿ ಕಳಿಂಗ ಸೂಪರ್ ಕಪ್ ಗೆಲ್ಲಿಸಿದರು, ಅದೂ ಒಡಿಶಾದ ತವರು ಅಂಗಳದಲ್ಲಿ, ಹೆಚ್ಚುವರಿ ಅವಧಿಯಲ್ಲಿ, ಕ್ಲೈಟನ್ ಸಿಲ್ವಾ ಹೊಡೆದ ಗೋಲಿನಿಂದ. ಕ್ವಾದ್ರತ್ ಇದ್ದಾಗಲೇ 2020ರಲ್ಲಿ ನಮ್ಮ ಕ್ಲಬ್‌ಗೆ ಬಂದಿದ್ದ ಅದೇ ಕ್ಲೈಟನ್. ಹನ್ನೆರಡು ವರ್ಷಗಳಿಂದ ರಾಷ್ಟ್ರಮಟ್ಟದ ಟ್ರೋಫಿ ಕಾಣದಿದ್ದ ಕ್ಲಬ್ ಅದು, ಆ ಸಂಭ್ರಮವನ್ನು ಬರೆದು ತೋರಿಸುವುದು ಕಷ್ಟ. ಆದರೆ ಒಂಬತ್ತು ತಿಂಗಳೊಳಗೆ, ಹೊಸ ಐಎಸ್‌ಎಲ್‌ನ ಮೊದಲ ಮೂರು ಪಂದ್ಯಗಳನ್ನೂ ಸೋತು ಅವರು ರಾಜೀನಾಮೆ ಕೊಟ್ಟರು. ಬೆಂಗಳೂರಿನಲ್ಲಿಯೂ ಅಷ್ಟೇ: ಎಟಿಕೆ ಮೋಹನ್ ಬಾಗನ್, ಜಮ್ಶೆಡ್‌ಪುರ, ಮುಂಬೈ ಸಿಟಿ ಎದುರು ಸಾಲಾಗಿ ಮೂರು ಸೋಲು, ನಂತರ ನಿರ್ಗಮನ. ಬೇಗ ತಂಡ ಕಟ್ಟಿ, ಶಿಸ್ತು ತಂದು, ಒಂದು ಕಪ್ ಗೆಲ್ಲಿಸುವ ಶಕ್ತಿ ಅವರಿಗಿದೆ. ಗೆದ್ದ ತಂಡವನ್ನು ಮತ್ತೆ ಹೊಸದಾಗಿ ಕಟ್ಟುವುದು ಅವರಿಗೆ ಎರಡೂ ಕಡೆ ಕೈಗೂಡಲಿಲ್ಲ. ನನ್ನ ದೃಷ್ಟಿಯಲ್ಲಿ ಅವರ ಕಥೆಯ ತಿರುಳು ಇದೇ.

ಕೊನೆಯ ಬೆಂಚು:
ಇದನ್ನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಅವರು ಹೋದ ಮೇಲೆ ಕಟ್ಟುವುದು ನಮ್ಮಲ್ಲಿ ಯಾರಿಗೂ ಸುಲಭವಾಗಲಿಲ್ಲ. ನೌಶಾದ್ ಮೂಸಾ ಅವರ ಕೈಗೆ ಒಪ್ಪಿಸಿದ ಆ ಸೀಸನ್‌ನಲ್ಲಿ ತಂಡ 7ನೇ ಸ್ಥಾನಕ್ಕೆ ಇಳಿದು, ಐಎಸ್‌ಎಲ್‌ಗೆ ಬಂದ ಮೇಲೆ ಮೊದಲ ಬಾರಿಗೆ ಪ್ಲೇಆಫ್ ತಪ್ಪಿಸಿಕೊಂಡಿತು. ಮಾರ್ಕೊ ಪೆಜ್ಜಾಯುವೊಲಿ ಬಂದರು, 6ನೇ ಸ್ಥಾನ. ಸೈಮನ್ ಗ್ರೇಸನ್ 2022ರಲ್ಲಿ ಡುರಾಂಡ್ ಕಪ್ ತಂದರು, ಮರುವರ್ಷ ಐಎಸ್‌ಎಲ್ ಫೈನಲ್‌ನಲ್ಲಿ ಪೆನಾಲ್ಟಿಗಳಲ್ಲಿ ಸೋತರು. 2025ರಲ್ಲಿ ಜೆರಾರ್ಡ್ ಜಾರಾಗೋಜಾ ಅವರ ತಂಡವೂ ಫೈನಲ್‌ನಲ್ಲಿ ಮೋಹನ್ ಬಾಗನ್‌ಗೆ ಸೋತಿತು. ಈ ಸೋಲುಗಳ ಸಾಲಿನಲ್ಲಿಟ್ಟು ನೋಡಿದಾಗ 2019ರ ಆ ರಾತ್ರಿಯ ಬೆಲೆ ಏರುತ್ತಲೇ ಹೋಗುತ್ತದೆ. ಸುಂದರವಾಗಿ ಆಡಿ ಸೋಲುವುದನ್ನು ನಾವು ಸಾಕಷ್ಟು ಕಂಡಿದ್ದೇವೆ.

ದಾವಣಗೆರೆ ಡಿಫೆಂಡರ್:
ಅವರ ನಿರ್ಗಮನವೂ ಖಾಲಿ ಕ್ರೀಡಾಂಗಣಗಳ ಕಾಲದಲ್ಲಿ ಆಯಿತಲ್ಲ. ಕೋವಿಡ್ ಕಾರಣ ಇಡೀ ಲೀಗ್ ಗೋವಾದಲ್ಲಿ, ಪ್ರೇಕ್ಷಕರಿಲ್ಲದೆ ನಡೆಯುತ್ತಿತ್ತು. ಪಶ್ಚಿಮ ಗ್ಯಾಲರಿಯ ಹಾಡು ಕೇಳದೆ, ಒಂದು ಕೈಬೀಸುವಿಕೆಯೂ ಇಲ್ಲದೆ, 2016ರಿಂದ ಇಲ್ಲಿದ್ದ ಮನುಷ್ಯ ಹೊರಟುಹೋದರು. ಜನರೆದುರು ಬೀಳ್ಕೊಟ್ಟಿದ್ದರೆ ಬೇಸರದ ಜೊತೆ ಕೃತಜ್ಞತೆಯೂ ಹೊರಬರುತ್ತಿತ್ತು, ಅವರ ಬಗ್ಗೆ ನಮ್ಮ ಮಾತಿನ ಧಾಟಿ ಬೇರೆಯಾಗಿರುತ್ತಿತ್ತು ಎಂದು ನನಗನ್ನಿಸುತ್ತದೆ. ನಮಗೆ ಕೊನೆಗೆ ಉಳಿದದ್ದು ಟಿವಿಯಲ್ಲಿ ಕಂಡ ಆ ಮೂರು ಸೋಲುಗಳು ಮಾತ್ರ.

ಗ್ಯಾಲರಿ ಗಂಗಾವತಿ:
2024ರ ಸೆಪ್ಟೆಂಬರ್ 14ರಂದು ಅವರು ಈಸ್ಟ್ ಬೆಂಗಾಲ್ ಜೊತೆ ಕಂಠೀರವಕ್ಕೆ ಬಂದಿದ್ದರು. ನಮ್ಮ ಯುವ ಆಟಗಾರ ವಿನೀತ್ ವೆಂಕಟೇಶ್ ಹೊಡೆದ ಗೋಲಿನಿಂದ ನಾವು 1-0 ಗೆದ್ದೆವು. ಅವರ ಆ ಮೂರು ಸೋಲುಗಳಲ್ಲಿ ಮೊದಲನೆಯದು ನಾವು ಕೊಟ್ಟದ್ದು.

ಆಸ್ಟಿನ್ ಟೌನ್ ಅಂಗಳ:
ದಾವಣಗೆರೆಯವರ ಮಾತು ನ್ಯಾಯವಾದದ್ದು. ಬೀಳ್ಕೊಡುಗೆ ಇಲ್ಲದೆ ಹೋಗಿದ್ದು ಸರಿಯಲ್ಲ, ಅದರಲ್ಲಿ ಕ್ವಾದ್ರತ್ ಅವರ ತಪ್ಪೂ ಇಲ್ಲ. 2019ರ ತಂಡವನ್ನು ಕ್ಲಬ್ ಎಂದಾದರೂ ಕಂಠೀರವಕ್ಕೆ ಕರೆದು ಗೌರವಿಸುವುದಾದರೆ, ಭೆಕೆ, ಡಿಮಾಸ್, ಮಿಕು ಅವರ ನಡುವೆ ಕ್ವಾದ್ರತ್ ಇರಲೇಬೇಕು, ನಾನೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತೇನೆ. ಆದರೆ ವೆಸ್ಟ್‌ವುಡ್, ರೋಕಾ ಅವರಿಗಿಂತ ಮೇಲೆ ಅವರನ್ನು ಇಡಿ ಎಂದರೆ ನನ್ನಿಂದಾಗದು. ವೆಸ್ಟ್‌ವುಡ್ ಕ್ಲಬ್‌ನ ಮೊದಲ ಸೀಸನ್‌ನಲ್ಲೇ ಆಗಿನ ಅಗ್ರ ಲೀಗ್ ಆಗಿದ್ದ ಐ-ಲೀಗ್ ಗೆಲ್ಲಿಸಿದರು, 2016ರಲ್ಲಿ ಮತ್ತೊಮ್ಮೆ ಗೆಲ್ಲಿಸಿದರು. ಅಂದರೆ ಕೈತಪ್ಪಿದ ಕಪ್ಪನ್ನು ಮರಳಿ ಪಡೆದರು. ಕ್ವಾದ್ರತ್ ಅವರಿಂದ ನಾನು ಕಾಯುತ್ತಿದ್ದದ್ದು ಆ ಎರಡನೆಯದನ್ನು.

ನೀಲಿಪೇಟೆ:
ಮೇಲೆ ಇಡಿ ಎಂದು ನಾನು ಕೇಳಿಲ್ಲ, ಜೊತೆಗೆ ಇಡಿ ಎಂದಷ್ಟೇ ಕೇಳುತ್ತಿದ್ದೇನೆ. ವೆಸ್ಟ್‌ವುಡ್ ಅವರಿಗೆ ಮೂರು ಸೀಸನ್ ಸಿಕ್ಕವು. ಕ್ವಾದ್ರತ್ ಅವರ ಮೂರನೇ ಸೀಸನ್ ಒಂಬತ್ತು ಪಂದ್ಯಗಳಿಗೆ ನಿಂತುಹೋಯಿತು, ಆಗ ನಮ್ಮ ಖಾತೆಯಲ್ಲಿ 12 ಅಂಕಗಳಿದ್ದವು, ಪ್ಲೇಆಫ್ ಬಾಗಿಲು ಇನ್ನೂ ತೆರೆದೇ ಇತ್ತು. ಆ ಎರಡನೆಯ ಕಪ್ಪಿಗೆ ಅವರಿಗೆ ಪೂರ್ತಿ ಸಮಯ ಕೊಡಲಾಗಿತ್ತು ಎಂದು ನೀವು ನಂಬುತ್ತೀರಾ?