ಹೃದ್ರೋಗ ಸಂಶೋಧನೆಗೆ ಬರುವ ಹೊಸಬರಿಗೆ ಮೊದಲು ಏನು ಕಲಿಸುತ್ತೀರಿ?

ಪ್ರಶ್ನೆ, ಗದಗದಿಂದ:
ನಾನು ಸಮುದಾಯ ವೈದ್ಯಶಾಸ್ತ್ರ ವಿಭಾಗದ ಸಹಾಯಕ ಪ್ರಾಧ್ಯಾಪಕಿ. ಈ ವರ್ಷ ನನ್ನ ನಾಲ್ವರು ಸ್ನಾತಕೋತ್ತರ ವಿದ್ಯಾರ್ಥಿಗಳು ಹೃದ್ರೋಗದ ಮೇಲೆ ಪ್ರಬಂಧ ಬರೆಯಬೇಕು. ಬಂದ ದಿನವೇ ಅವರು ಕೇಳಿದ್ದು, ಯಾವ ಸಾಫ್ಟ್‌ವೇರ್ ಕಲಿಯಬೇಕು ಎಂದು. ಹಳ್ಳಿಗೆ ಕಳುಹಿಸುವ ಮುನ್ನ ನೀವು ಏನು ಕಲಿಸಿದ್ದೀರಿ? ಅನುಭವ ತಿಳಿಸಿ.

ಧಾರವಾಡ, ನಿವೃತ್ತ ಪ್ರಾಧ್ಯಾಪಕ:
ವಯಸ್ಸಿನ ಸಲಿಗೆಯಿಂದ ತಂಗಿ ಎನ್ನುತ್ತೇನೆ. ಸಾಫ್ಟ್‌ವೇರ್ ಒತ್ತಟ್ಟಿಗಿರಲಿ, ಬಿ.ಪಿ. ನೋಡುವುದನ್ನು ಕಲಿಸು. ಅದು ಬರುತ್ತದೆ ಎಂದು ಎಲ್ಲರೂ ತಿಳಿದಿರುತ್ತಾರೆ. ನನ್ನ ಕೈಕೆಳಗಿನ ಹುಡುಗನೊಬ್ಬ ಎರಡು ತಿಂಗಳು ಅಲೆದು ತಂದ ವಹಿಯಲ್ಲಿ 120, 130, 140, 150. ಬಹುತೇಕ ಎಲ್ಲವೂ ಸೊನ್ನೆಗೇ ಮುಗಿದಿದ್ದವು. ಪಾದರಸದ ಯಂತ್ರದಲ್ಲಿ ಗೆರೆಗಳು ಎರಡೆರಡರ ಅಂತರದಲ್ಲಿರುತ್ತವೆ; ಸರಿಯಾಗಿ ಓದಿದರೆ ಕೊನೆಯಲ್ಲಿ ಸೊನ್ನೆ ಬರುವುದು ಸುಮಾರು ಐದಕ್ಕೆ ಒಂದು ಸಲ. ಇದು ಸಣ್ಣ ತಪ್ಪಲ್ಲ. 138 ಇದ್ದವರನ್ನು 140 ಎಂದು ಬರೆದರೆ ಅವರು ರೋಗಿಗಳ ಪಟ್ಟಿಗೆ ಸೇರಿದರು, ಊರಿನ ಲೆಕ್ಕವೇ ಕೆಟ್ಟಿತು. ಆ ವಹಿಯನ್ನು ಬದಿಗಿಟ್ಟು ಮತ್ತೆ ಕಳುಹಿಸಿದೆ. ಅವನು ಒಂದು ವಾರ ಮಾತು ಬಿಟ್ಟಿದ್ದ.

ಇಬ್ಬರು ಒಟ್ಟಿಗೆ ಆಲಿಸುವ ಜೋಡಿ ಸ್ಟೆತಸ್ಕೋಪ್ ಸಿಗುತ್ತದೆ. ಅದರಲ್ಲಿ ನೀನೂ ಕೇಳು, ಅವರೂ ಕೇಳಲಿ. ಬೇರೆ ಬೇರೆ ಚೀಟಿಯಲ್ಲಿ ಬರೆದು ಹೋಲಿಸಿ. ಕಟ್ಟೆಯ ಮೇಲೆ ಐದು ನಿಮಿಷ ಸುಮ್ಮನೆ ಕೂರಿಸದೆ ತೋಳಿಗೆ ಬಿ.ಪಿ. ಪಟ್ಟಿ ಸುತ್ತಬಾರದು. ಚಹಾ ಕುಡಿದು, ತಂಬಾಕು ಹಾಕಿಕೊಂಡು ಬಂದವರಾದರೆ ಅರ್ಧ ಗಂಟೆ ಕಾಯಬೇಕು.

ನವಲಗುಂದ ಕಡೆ ಸಮೀಕ್ಷೆ ಮಾಡಿದವನು:
ಪ್ರಶ್ನಾವಳಿಯ ಬಗ್ಗೆ ಹೇಳುತ್ತೇನೆ. ಎದೆನೋವು ಪತ್ತೆ ಹಚ್ಚಲು ಬ್ರಿಟಿಷ್ ವೈದ್ಯ ಜೆಫ್ರಿ ರೋಸ್ 1962ರಲ್ಲಿ ಮಾಡಿದ ಪ್ರಶ್ನೆಗಳನ್ನು ಇಂದಿಗೂ ಬಳಸುತ್ತಾರೆ. ಅದರಲ್ಲಿ ‘ಏರು ಹತ್ತುವಾಗ ಅಥವಾ ಅವಸರದಿಂದ ನಡೆಯುವಾಗ ನೋಯುತ್ತದೆಯೇ’ ಎಂದಿದೆ. ಕಣ್ಣು ಹಾಯುವವರೆಗೂ ಎರೆಹೊಲ ಇರುವ ನಾಡಿನಲ್ಲಿ ಏರು ಎಲ್ಲಿಂದ ತರುವುದು? ಒಬ್ಬ ಅಜ್ಜ ‘ಏರು ಬೇಕಾದರೆ ಧಾರವಾಡಕ್ಕೆ ಹೋಗು ತಮ್ಮಾ’ ಎಂದುಬಿಟ್ಟ. ಕೊನೆಗೆ ನೀರಿನ ಕೊಡ ಹೊತ್ತು ನಡೆಯುವಾಗ, ಮೇವಿನ ಹೊರೆ ಎತ್ತುವಾಗ ಎಂದು ಸೇರಿಸಿದೆವು. ಹಾಗೆ ಬದಲಿಸಿದ್ದನ್ನು ಪ್ರಬಂಧದಲ್ಲಿ ಬರೆದೆವು, ನೈತಿಕ ಸಮಿತಿಗೂ ತಿಳಿಸಿದೆವು, ಮುಚ್ಚಿಡಬೇಡಿ.

ಇನ್ನೊಂದು, ಸೋಮವಾರ ಹೋಗಿ. ಬಸವಣ್ಣನ ವಾರ, ಎತ್ತು ಹೂಡುವುದಿಲ್ಲ, ಗಂಡಸರು ಊರಲ್ಲೇ ಸಿಗುತ್ತಾರೆ. ಬೇರೆ ದಿನ ಹೋದರೆ ನಿಮ್ಮ ಪಟ್ಟಿಯಲ್ಲಿ ಹೆಚ್ಚಾಗಿ ಮುದುಕರೂ ಬಾಣಂತಿಯರೂ ಇರುತ್ತಾರೆ.

ಹುಬ್ಬಳ್ಳಿ, ಹೃದ್ರೋಗ ವಿಭಾಗದ ಕಿರಿಯ ವೈದ್ಯ:
ಚಿಕಿತ್ಸೆಯ ಮೇಲೆ ಬರೆಯುವವರಿದ್ದರೆ ಅವರಿಗೆ ವೇಳೆ ಕೇಳುವುದನ್ನು ಕಲಿಸಿ. ಹೃದಯಾಘಾತವಾದಾಗ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನೋವು ಶುರುವಾದ 12 ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಹೀಗಾಗಿ ‘ಯಾವಾಗ ಶುರುವಾಯಿತು’ ಎಂಬುದರ ಮೇಲೆಯೇ ಅಧ್ಯಯನ ನಿಂತಿರುತ್ತದೆ. ಶಿಗ್ಗಾಂವಿ ಕಡೆಯ ರೈತರೊಬ್ಬರು ‘ರೊಟ್ಟಿ ಉಂಡ ಮೇಲೆ’ ಎಂದರು. ನಾನು ಮಧ್ಯಾಹ್ನ 1 ಗಂಟೆ ಎಂದು ಬರೆದೆ. ಅವರು ಹೊಲದಲ್ಲಿ ಬುತ್ತಿ ಬಿಚ್ಚಿದ್ದು ಬೆಳಿಗ್ಗೆ ಹತ್ತಕ್ಕೆ ಎಂದು ಮಗ ಬಂದು ಹೇಳಿದಾಗಲೇ ಗೊತ್ತಾಗಿದ್ದು. ನಡುವೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗಿದ್ದರಂತೆ.

ಹಾವೇರಿ ಜಿಲ್ಲೆ, ಶುಶ್ರೂಷಕಿ:
ಮೇಡಂ, ನಿಮ್ಮ ಹುಡುಗರು ಬರುತ್ತಾರೆ, ಪಟ್ಟಿ ಸುತ್ತುತ್ತಾರೆ, ಬರೆದುಕೊಂಡು ಹೋಗುತ್ತಾರೆ. 180 ಬಂದ ಅಮ್ಮ ಮರುದಿನ ನಮ್ಮಲ್ಲಿಗೆ ಬಂದು ‘ಏನೋ ಬರೆದುಕೊಂಡರು, ಏನೂ ಹೇಳಲಿಲ್ಲ’ ಎನ್ನುತ್ತಾಳೆ. ಅಂಕಿ ಬರೆದ ಚೀಟಿಯೊಂದನ್ನು ಅವರ ಕೈಗೂ ಕೊಡಿಸಿ, ಯಾವ ದಿನ ಎಲ್ಲಿಗೆ ಬರಬೇಕೆಂದು ಹೇಳಿಸಿ. ಆಶಾ ಕಾರ್ಯಕರ್ತೆಗೂ ಒಂದು ಮಾತು ತಿಳಿಸಿರಿ. ಎರಡನೇ ಸಲ ಹೋದಾಗ ಬಾಗಿಲು ತೆರೆಯಬೇಕಲ್ಲ.

ಗದಗದಿಂದ, ಮತ್ತೆ:
ಎಲ್ಲರಿಗೂ ನಮಸ್ಕಾರ. ಅಕ್ಕಾವರೇ, ಚೀಟಿಯ ವಿಷಯ ನನಗೆ ಹೊಳೆದೇ ಇರಲಿಲ್ಲ, ಇಂದೇ ಅಚ್ಚು ಹಾಕಿಸುತ್ತೇನೆ. ಬರುವ ಸೋಮವಾರ ನಾಲ್ವರನ್ನೂ ಕರೆದುಕೊಂಡು ಹೊರಡುತ್ತೇವೆ. ಸರ್, ಆ ಜೋಡಿ ಸ್ಟೆತಸ್ಕೋಪ್ ಹುಬ್ಬಳ್ಳಿಯಲ್ಲಿ ಸಿಗುತ್ತದೆಯೇ, ತರಿಸಬೇಕೇ?